ಮಗಳ ಎಕ್ಸ್‌ರೇಯಲ್ಲಿ ಕಾಣುವ ಆ ಕಪ್ಪು ಗೆರೆ

ನಮಸ್ಕಾರ. ಒಂಬತ್ತು ವರ್ಷದ ಮಗಳು ಸೈಕಲ್‌ನಿಂದ ಬಿದ್ದಳು, ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಮೂಳೆಗೆ ಅಡ್ಡಲಾಗಿ ಕಪ್ಪು ಗೆರೆ ಇದೆ, ಆದರೂ ಡಾಕ್ಟರು ಮುರಿದಿಲ್ಲ ಅಂತಾರೆ, ಹೇಗೆ ಅಂತ ಕೇಳಿದ್ದೀರಿ. ಗಾಬರಿ ಆಗೋದು ಸಹಜ. ಆದರೆ ಆ ಗೆರೆ ಈ ವಯಸ್ಸಿನ ಮಕ್ಕಳೆಲ್ಲರಲ್ಲೂ ಇರುತ್ತದೆ.

ಅದು ಮೂಳೆ ಉದ್ದ ಬೆಳೆಯುವ ಜಾಗ. ಗ್ರೋತ್ ಪ್ಲೇಟ್ ಅಂತಾರೆ. ಅಲ್ಲಿರುವುದು ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್. ಮೂಳೆಯಲ್ಲಿರುವಷ್ಟು ಕ್ಯಾಲ್ಸಿಯಂ ಅದರಲ್ಲಿ ಇಲ್ಲ. ಹಾಗಾಗಿ ಕಿರಣಗಳು ಸುಲಭವಾಗಿ ಹಾದುಹೋಗಿ, ಫಿಲ್ಮ್‌ನಲ್ಲಿ ಬಿರುಕು ಬಿಟ್ಟ ಹಾಗೆ ಕಾಣುತ್ತದೆ. ಅಲ್ಲಿ ಜೀವಕೋಶಗಳು ಒಂದರ ಮೇಲೊಂದು ಸಾಲಾಗಿ ಕೂತು ಹೆಚ್ಚುತ್ತಾ ಹೋಗುತ್ತವೆ. ಹಳೆಯವು ಸತ್ತ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಕೈ ಉದ್ದ ಆಗುವುದೇ ಹೀಗೆ.

ಅದೇ ಫಿಲ್ಮ್‌ನಲ್ಲಿ ಮಣಿಕಟ್ಟಿನ ಪುಟ್ಟ ಮೂಳೆಗಳನ್ನು ಎಣಿಸಿ ನೋಡಿ. ದೊಡ್ಡವರಲ್ಲಿ 8 ಇರುತ್ತವೆ. ನಿಮ್ಮ ಮಗಳಲ್ಲಿ 7 ಮಾತ್ರ ಕಾಣಬಹುದು. ಕಿರುಬೆರಳಿನ ಕಡೆ ಇರುವ, ಬಟಾಣಿ ಗಾತ್ರದ ಎಂಟನೆಯದು ಇನ್ನೂ ಕಾರ್ಟಿಲೇಜ್ ಆಗಿಯೇ ಇರಬಹುದು. ಎಷ್ಟು ಚೆಂದ ಅಲ್ವಾ!

ಹುಡುಗಿಯರಲ್ಲಿ ಮಣಿಕಟ್ಟಿನ ಈ ಗೆರೆ ಸುಮಾರು 15ರಿಂದ 17 ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹುಡುಗರಲ್ಲಿ ಸ್ವಲ್ಪ ತಡ.

ಒಂದು ಮಾತು. ಗ್ರೋತ್ ಪ್ಲೇಟ್‌ಗೇ ಪೆಟ್ಟಾಗಿದ್ದರೆ ಕೆಲವೊಮ್ಮೆ ಎಕ್ಸ್‌ರೇಯಲ್ಲಿ ಗೊತ್ತಾಗುವುದಿಲ್ಲ. ಸರಿಯಾಗಿ ಆ ಜಾಗವನ್ನೇ ಒತ್ತಿದಾಗ ಜಾಸ್ತಿ ನೋವಿದ್ದರೆ, ಊತ ಇಳಿಯದಿದ್ದರೆ, ಸುಮ್ನೆ ಎಣ್ಣೆ ಹಚ್ಚಿ ನೀವಬೇಡಿ. ಮೂಳೆ ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋಗಿ.