ಕೆಂಪು ದೀಪ ಕಂಡರೆ ಬೋಟು ಎತ್ತ ಹೊರಟಿದೆ?

ಪ್ರಶ್ನೆ: ರಾತ್ರಿ ಮಲ್ಪೆ ಬೀಚಿನಲ್ಲಿ ಕೂತಾಗ ದೂರದ ಬೋಟುಗಳಲ್ಲಿ ಒಮ್ಮೆ ಕೆಂಪು, ಒಮ್ಮೆ ಹಸಿರು ದೀಪ ಕಾಣುತ್ತದೆ. ವಿಮಾನದ ರೆಕ್ಕೆಗಳಲ್ಲೂ ಇವೇ ಬಣ್ಣ. ಸುಮ್ನೆ ಅಂದಕ್ಕೋ, ಏನಾದರೂ ಅರ್ಥ ಇದೆಯೋ?
– ಓದುಗರೊಬ್ಬರು, ಉಡುಪಿ

ಉತ್ತರ: ಅರ್ಥ ಇದೆ. ಕತ್ತಲಲ್ಲಿ ಬೋಟಿನ ಮೈ ಕಾಣುವುದಿಲ್ಲ. ಅದರ ಮುಖ ಎತ್ತ ಇದೆ ಎಂದು ಹೇಳುವುದೇ ಈ ದೀಪಗಳ ಕೆಲಸ.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಎಡ ಅಂದರೆ ಬೋಟಿನ ಎಡ, ನೋಡುವವರದ್ದಲ್ಲ. ನೀವು ಹಿಂದಕ್ಕೆ ತಿರುಗಿದರೆ ನಿಮ್ಮ ಎಡವೂ ತಿರುಗುತ್ತದೆ, ಅಲ್ವಾ? ಈ ಗೊಂದಲ ಬೇಡವೆಂದೇ ನಾವಿಕರು ಹಡಗಿನ ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ.

ಕೆಂಪು, ಹಸಿರು ದೀಪಗಳು ಸುತ್ತಲೂ ಬೆಳಗುವುದಿಲ್ಲ. ನೇರ ಮುಂದಿನಿಂದ ತಮ್ಮ ಬದಿಗೆ 112.5 ಡಿಗ್ರಿವರೆಗೆ ಮಾತ್ರ. ಹಿಂದೆ ಉಳಿದ 135 ಡಿಗ್ರಿ ಬಿಳಿ ದೀಪದ ಪಾಲು. ಈಗ ಮಲ್ಪೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತು ನೋಡಿ. ಕೆಂಪು ಕಂಡರೆ ಬೋಟಿನ ಎಡಬದಿ ನಿಮ್ಮ ಕಡೆಗಿದೆ, ಅಂದರೆ ಅದರ ಮುಖ ಮಂಗಳೂರಿನ ಕಡೆಗೆ. ಹಸಿರು ಕಂಡರೆ ಭಟ್ಕಳ, ಕಾರವಾರದ ಕಡೆಗೆ. ಎರಡೂ ಒಟ್ಟಿಗೆ ಕಂಡರೆ ನೇರ ನಿಮ್ಮತ್ತಲೇ ಬರುತ್ತಿದೆ! ಒಂದು ಎಚ್ಚರಿಕೆ: ಬಲೆ ಎಳೆಯುವ ಟ್ರಾಲ್ ಬೋಟುಗಳು ಎತ್ತರದಲ್ಲಿ ಹಸಿರು, ಅದರ ಕೆಳಗೆ ಬಿಳಿ ದೀಪ ಹಾಕಬೇಕು. ಆ ಹಸಿರು ಸುತ್ತಲೂ ಕಾಣುತ್ತದೆ, ಅದನ್ನು ಬದಿಯ ದೀಪ ಎಂದುಕೊಳ್ಳಬೇಡಿ.

ವಿಮಾನಕ್ಕೂ ಇದೇ ಲೆಕ್ಕ. ಮಿನುಗುವ ಕೆಂಪು ದೀಪ ಮಾತ್ರ ಬೇರೆ, ಅದು ಬರೀ 'ಇಲ್ಲಿದ್ದೇನೆ' ಎನ್ನುತ್ತದೆ.

ಬಣ್ಣದ ಆಯ್ಕೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದು. ಎರಡು ಯಂತ್ರದ ಬೋಟುಗಳು ಅಡ್ಡ ಬಂದಾಗ, ಯಾರ ಬಲಕ್ಕೆ ಇನ್ನೊಂದು ಬೋಟು ಇದೆಯೋ ಅವರು ದಾರಿ ಬಿಡಬೇಕು. ಅವರಿಗೆ ಕಾಣುವುದು ಎದುರಿನವರ ಕೆಂಪು. ಎದುರಿನವರಿಗೆ ಕಾಣುವುದು ಇವರ ಹಸಿರು. ಥೇಟ್ ರಸ್ತೆಯ ಸಿಗ್ನಲ್ಲಿನ ಹಾಗೆ.

ಆದರೆ ದೀಪ ಹೇಳುವುದು ಮುಖದ ದಿಕ್ಕು ಮಾತ್ರ. ನೀರಿನ ಸೆಳೆತ ಬೋಟನ್ನೂ, ಅಡ್ಡಗಾಳಿ ವಿಮಾನವನ್ನೂ ಪಕ್ಕಕ್ಕೆ ತಳ್ಳುತ್ತವೆ. ಮುಖದ ದಿಕ್ಕು ಹೆಡಿಂಗ್, ನಿಜವಾಗಿ ಸಾಗುವ ದಾರಿ ಟ್ರ್ಯಾಕ್. ಎರಡೂ ಒಂದೇ ಆಗಿರಬೇಕಿಲ್ಲ. ಅದಕ್ಕೇ ತಾಂಡೇಲರು, ಅಂದರೆ ಬೋಟು ನಡೆಸುವವರು, ಬಣ್ಣ ನೋಡಿ ಸುಮ್ಮನಾಗುವಂತಿಲ್ಲ, ಕಂಪಾಸನ್ನೂ ನೋಡಬೇಕು. ಎದುರಿನ ದೀಪ ಹತ್ತಿರವಾಗುತ್ತಲೇ ಇದ್ದು, ಕಂಪಾಸಿನಲ್ಲಿ ಅದರ ಡಿಗ್ರಿ ಮಾತ್ರ ಬದಲಾಗದಿದ್ದರೆ, ಡಿಕ್ಕಿಯ ದಾರಿಯಲ್ಲಿದ್ದೇವೆ ಎಂದೇ ಲೆಕ್ಕ.