ಯಾವ ದಡದ ಹಕ್ಕಿ?

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆಜಾನಿನ ಚುಕ್ಕೆ ಇರುವೆಹಕ್ಕಿಯ ನಾಲ್ಕು ಉಪಪ್ರಭೇದಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಚಿತ್ರದಲ್ಲಿ ನಾಲ್ಕೂ ಒಂದೇ ಥರ ಇವೆ. ನದಿಯ ಆಚೆ ಒಂದು ಹೆಸರು, ಈಚೆ ಒಂದು ಹೆಸರು ಯಾಕೆ? ‘ಅಮೆಜಾನ್ ಕಾಡು’ ಅಂದರೆ ಸಾಲದೆ? – ಸಾಗರದ ಓದುಗರು

ಉತ್ತರ: ಒಪ್ಪಿದೆ ಸ್ವಾಮಿ. ಪಕ್ಷಿತಜ್ಞರು ಹೆಸರು ಬದಲಾಯಿಸುವ ವೇಗಕ್ಕೆ ನಮ್ಮ ಪ್ರೂಫ್ ನೋಡುವವರೂ ಸುಸ್ತಾಗಿದ್ದಾರೆ. ಆದರೆ ‘ಸಾಲದೆ?’ ಅಂತ ಕೇಳಿದ್ದೀರಲ್ಲ, ಸಾಲದು.

ಹೆಸರು ಹಾಗಿದ್ದರೂ ಈ ಹಕ್ಕಿಗೆ ಇರುವೆ ಮುಖ್ಯ ಊಟವಲ್ಲ. ಸೈನಿಕ ಇರುವೆಗಳ ದಂಡು ಹೊರಟಾಗ ತರಗೆಲೆಯಡಿಯಿಂದ ಜಿರಲೆ, ಜೇಡ, ಮಿಡತೆಗಳೆಲ್ಲ ಎದ್ದುಬಿದ್ದು ಓಡುತ್ತವೆ. ಕಣ್ಣ ಸುತ್ತ ಕೆಂಪು ಚರ್ಮದ ಈ ಜಾಣ ಅಲ್ಲೇ ಕಾದಿದ್ದು ಅವನ್ನು ಹೆಕ್ಕುತ್ತದೆ. ಬದುಕೆಲ್ಲ ನೆಲದ ಹತ್ತಿರ, ನೆರಳಿನಲ್ಲಿ. ಅಗಲವಾದ ನದಿ ಇದಕ್ಕೆ ಗೋಡೆ ಇದ್ದ ಹಾಗೆ; ಆಚೆಯದು ಆಚೆ, ಈಚೆಯದು ಈಚೆ. ಪನಾಮಾದ ಗಾಟುನ್ ಸರೋವರದಲ್ಲಿ ಸಂಶೋಧಕರು ಇಂಥ ಒಳಗಾಡಿನ ಹಕ್ಕಿಗಳನ್ನು ದೋಣಿಯಿಂದ ಹಾರಿಬಿಟ್ಟು ನೋಡಿದರು. ಕೆಲವಕ್ಕೆ ನೂರು ಮೀಟರ್ ನೀರು ದಾಟುವುದೂ ಆಗಲಿಲ್ಲ! 2008ರಲ್ಲಿ ಇದು ಅಚ್ಚಾಯಿತು.

ನದಿಯೇ ಗಡಿ ಎಂಬುದರ ವಾಸನೆ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್‌ಗೆ 1852ರಲ್ಲೇ ಹತ್ತಿತ್ತು. ಅಮೆಜಾನಿನಿಂದ ಮರಳುವಾಗ ಹಡಗಿಗೆ ಬೆಂಕಿ ಬಿದ್ದು, ಜೊತೆಗಿದ್ದ ಸಂಗ್ರಹ ಸುಟ್ಟುಹೋಗಿತ್ತು. ಲಂಡನ್ನಿಗೆ ಬಂದವನೇ ಅಲ್ಲಿನ ಕೋತಿಗಳ ಬಗ್ಗೆ ಪ್ರಬಂಧ ಓದಿದ. ಮ್ಯೂಸಿಯಮ್ಮಿನಲ್ಲಿಟ್ಟ ಪ್ರಾಣಿಗಳಿಗೆ ಕಟ್ಟಿದ ಚೀಟಿಗಳಲ್ಲಿ ಸುಮ್ನೆ ‘ಬ್ರೆಜಿಲ್’, ‘ಪೆರು’ ಅಂತ ಬರೆದಿರುತ್ತಾರೆ, ನದಿಯ ಯಾವ ದಡ ಅಂತ ಗೊತ್ತಾಗುವುದೇ ಇಲ್ಲ ಎಂದು ಗೊಣಗಿದ. ಅಲ್ಲಿನ ಬೇಟೆಗಾರರಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿತ್ತಂತೆ. ಇಂಥ ಪ್ರಾಣಿ ಬೇಕು ಅಂದರೆ ಹೊಳೆ ದಾಟಿಯೇ ಹೋಗುತ್ತಿದ್ದರಂತೆ.

ನಿಮಗೆ ಒಂದೇ ಥರ ಕಂಡ ನಾಲ್ಕರಲ್ಲಿ ‘ಕನ್ಫೈನಿಸ್’ ಇರುವುದು ಶಿಂಗು ಮತ್ತು ಟೊಕಾಂಟಿನ್ಸ್ ನದಿಗಳ ನಡುವೆ. ‘ಪಾರಾಯೆನ್ಸಿಸ್’ ಟೊಕಾಂಟಿನ್ಸ್‌ನ ಪೂರ್ವಕ್ಕೆ, ಬೆಲೆಂ ಊರಿನ ಕಡೆ. ಅಮೆಜಾನಿನಲ್ಲಿ ಅತಿ ಜಾಸ್ತಿ ಕಾಡು ಕಳೆದುಕೊಂಡ ಮೂಲೆ ಅದೇ. ಚೀಟಿಯಲ್ಲಿ ‘ಅಮೆಜಾನ್’ ಅಂತಷ್ಟೇ ಇದ್ದರೆ, ಪಾರಾಯೆನ್ಸಿಸ್ ಪೂರ್ತಿ ಅಳಿದರೂ ಲೆಕ್ಕದಲ್ಲಿ ಹಕ್ಕಿ ಕ್ಷೇಮವಾಗಿಯೇ ಇರುತ್ತದೆ, ಅಲ್ವಾ?

ಚೀಟಿ ಬರೆಯದ ಈ ಸೋಮಾರಿತನ ಹಕ್ಕಿಗಷ್ಟೇ ಅಂಟಿದ್ದಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಮದುವೆ ಫೋಟೋ ಇದೆ. ಹನ್ನೊಂದು ಜನ, ಒಂದು ಕಂಬ, ಹಿಂದೆ ‘ನಮ್ಮವರು’ ಎಂದು ಶಾಯಿಯಲ್ಲಿ ಬರೆದಿದೆ. ಯಾರ ಮದುವೆ, ಯಾವ ಊರು? ಹೇಳುತ್ತಿದ್ದ ಅತ್ತೆ ಹೋಗಿಬಿಟ್ಟರು. ಅವರಿದ್ದಾಗ ನಾನೂ ಕೇಳಲಿಲ್ಲ. ಈಗಿನ ಮೊಬೈಲ್ ಫೋಟೋಗಳದ್ದೂ ಇದೇ ಪಾಡು. ಪತ್ರಿಕೆಗೆ ಬರುವ ಹಕ್ಕಿಗಳೆಲ್ಲ ‘ಪಶ್ಚಿಮ ಘಟ್ಟ’ದವು. ಗುಜರಾತಿನ ಗಡಿಯಿಂದ ಕನ್ಯಾಕುಮಾರಿವರೆಗೆ ಹುಡುಕಿಕೊಳ್ಳಿ ಅಂತಲೋ ಏನೋ.

ಅಂದಹಾಗೆ, ಪತ್ರದ ಜೊತೆ ನೀವು ಕಳಿಸಿದ ಕಾಜಾಣದ ಚಿತ್ರ ತುಂಬಾ ಚೆನ್ನಾಗಿದೆ. ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಹಿಂದೆ ‘ಮಲೆನಾಡು’ ಅಂತ ಬರೆದಿದ್ದೀರಿ. ಯಾವ ಊರು, ಯಾವ ಹಳ್ಳದ ಪಕ್ಕ, ಯಾವ ತಿಂಗಳು ಅಂತ ಒಂದು ಕಾರ್ಡ್ ಹಾಕಿ.