ಓವನ್ ಇಲ್ಲದೆ ಬಿಸ್ಕತ್ತು

ಪ್ರಶ್ನೆ: ರಜೆಯಲ್ಲಿ ಮಕ್ಕಳಿಗೆ ಬಿಸ್ಕತ್ತು ಮಾಡೋದು ಕಲಿಸಬೇಕು. ಓವನ್ ಇಲ್ಲ. ಜೋಳದ ಹಿಟ್ಟು ನಡೆಯುತ್ತಾ? – ಒಬ್ಬ ತಾಯಿ, ಕಲಬುರಗಿ

ಉತ್ತರ: ನಡೆಯುತ್ತೆ, ಆದರೆ ಬರೀ ಜೋಳ ಬೇಡ. ಅದರಲ್ಲಿ ಗ್ಲುಟೆನ್ (ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು) ಇಲ್ಲ, ಪುಡಿಪುಡಿಯಾಗುತ್ತೆ. ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತಲ್ವಾ, ಅದೇ ಕಥೆ. ಜೋಳ, ಗೋಧಿ ಹಿಟ್ಟು, ತುಪ್ಪ ತಲಾ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಚಿಟಿಕೆ ಉಪ್ಪು. ನಮ್ಮ ಬಿಸಿಲಿಗೆ ತುಪ್ಪ ಎಣ್ಣೆಯಂತೆ ಕರಗಿರುತ್ತೆ, ಹಾಗಾಗಿ ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಮಕ್ಕಳ ಕೈಗೆ ಕೊಡಿ, ಇಲ್ಲದಿದ್ದರೆ ಮೊಣಕೈವರೆಗೂ ಮೆತ್ತಿಕೊಳ್ತಾರೆ.

ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು 10 ನಿಮಿಷ ಕಾಯಿಸಿ. ಮಕ್ಕಳು ತಟ್ಟಿದ ಬಿಸ್ಕತ್ತು ಜೋಡಿಸಿದ ತಟ್ಟೆಯನ್ನು ಸ್ಟ್ಯಾಂಡ್ ಮೇಲಿಟ್ಟು ಪಾತ್ರೆ ಮುಚ್ಚಿ, ಸಣ್ಣ ಉರಿಯಲ್ಲಿ 20–25 ನಿಮಿಷ ಬೇಯಿಸಿ. ಒಲೆ ಕೆಲಸ ನಿಮ್ಮದೇ. ಬಿಸಿಯಿದ್ದಾಗ ಮೆತ್ತಗಿರುತ್ತೆ, ಆರಿದ ಮೇಲೆ ಗಟ್ಟಿಯಾಗುತ್ತೆ. ನನ್ನ ಮಗ ಬೆಂದಿಲ್ಲ ಅಂತ ಮತ್ತೆ ಒಳಗಿಟ್ಟು ಕರ್ರಗೆ ಮಾಡಿದ್ದ!